ತಟ್ಟುವ ಕೈ

ಶಿಶುವಿಹಾರದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ಹೊತ್ತು ಬರುತ್ತದೆ. ಆಗ ಕಿಟಕಿಗಳಿಗೆ ನೀಲಿ ಪರದೆ ಎಳೆಯುತ್ತಾರೆ, ಆಟದ ಸಾಮಾನಿನ ಬುಟ್ಟಿಗಳನ್ನು ಮೂಲೆಗೆ ಸರಿಸುತ್ತಾರೆ, ಪುಟ್ಟ ಪುಟ್ಟ ಹಾಸಿಗೆಗಳನ್ನು ಸಾಲಾಗಿ ಹಾಸುತ್ತಾರೆ. ಬೆಳಗಿನಿಂದ ಆಕಾಶ ಭೂಮಿ ಒಂದು ಮಾಡಿದ್ದ ಮಕ್ಕಳು ಈಗ ಮಲಗಬೇಕು. ಮಲಗಿ ಎಂದ ಕೂಡಲೇ ಮಲಗುವುದಕ್ಕೆ ಅವೇನು ಗೊಂಬೆಗಳೇ? ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಅಮ್ಮ ಬೇಕು, ಮತ್ತೊಂದಕ್ಕೆ ಪಕ್ಕದ ಮಗುವಿನ ಕಿವಿಯೇ ಬೇಕು. ಅಂಥ ಹೊತ್ತಿನಲ್ಲಿ ಎಲ್ಲರೂ ಕರೆಯುವುದು ತಟ್ಟಮ್ಮನನ್ನು.

ತಟ್ಟಮ್ಮ ಎಂಬುದು ಮಕ್ಕಳೇ ಇಟ್ಟ ಹೆಸರು. ಅವಳು ಅಲ್ಲಿನ ಆಯಾ. ಎರಡು ಹಾಸಿಗೆಗಳ ನಡುವೆ ಕಾಲು ಮಡಚಿ ಕೂತು, ಈ ಕಡೆಗೊಂದು ಕೈ ಆ ಕಡೆಗೊಂದು ಕೈ ಇಟ್ಟು ತಟ್ಟುತ್ತಿದ್ದಳು. ತಟ್ಟುವುದು ಯಾರಿಗೆ ಬರುವುದಿಲ್ಲ ಹೇಳಿ? ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಮಗು ನಿದ್ದೆ ಹೋಯಿತೆಂದು ಕೈ ತೆಗೆದಿರೋ, ಅದು ಕಣ್ಣು ಬಿಟ್ಟು ಹಲ್ಲು ಕಿರಿಯುತ್ತದೆ. ತಟ್ಟಮ್ಮ ಕೈ ತೆಗೆಯುತ್ತಿರಲಿಲ್ಲ. ನಿಧಾನಿಸುತ್ತ ನಿಧಾನಿಸುತ್ತ ಮಗುವಿನ ಉಸಿರಿಗೆ ಕೈಯನ್ನು ಸೇರಿಸಿಬಿಡುತ್ತಿದ್ದಳು. ಮಗುವಿಗೆ ಕೆಮ್ಮು ಬಂದರೆ, ಮೂಗು ಕಟ್ಟಿದರೆ, ಕನಸು ಕಂಡು ಬೆಚ್ಚಿದರೆ ಆ ಕೈಗೆ ಮೊದಲು ಗೊತ್ತಾಗುತ್ತಿತ್ತು, ಅವಳಿಗೆ ಆಮೇಲೆ.

ಇಂಥ ತಟ್ಟಮ್ಮ ಈಚೆಗೆ ಮಕ್ಕಳಿಗಿಂತ ಮೊದಲು ತಾನೇ ನಿದ್ದೆಗೆ ಜಾರುತ್ತಿದ್ದಳು. ಕೂತಲ್ಲೇ ತಲೆ ವಾಲುತ್ತಿತ್ತು, ಬಾಯಿ ತೆರೆದುಕೊಳ್ಳುತ್ತಿತ್ತು. ಜೊತೆಯ ಆಯಾ, ಎಲ್ಲರೂ ದೊಡ್ಡಕ್ಕ ಎನ್ನುವ ಗಟ್ಟಿ ಗಂಟಲಿನ ಹೆಂಗಸು, ಬಂದು ಭುಜ ಅಲುಗಿಸುವಳು. “ಏನೇ, ರಾತ್ರಿ ಹೊತ್ತು ಬೇರೆಲ್ಲಾದ್ರೂ ಡ್ಯೂಟಿ ಮಾಡ್ತೀಯಾ?” ಎಂದು ಕೇಳುವಳು. ತಟ್ಟಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ವಯಸ್ಸಾಯಿತು, ಅಷ್ಟೇ ಎಂದುಕೊಂಡಿದ್ದಳು.

ಇನ್ನು ಅವಳ ಗಂಡ. ಶಿಶುವಿಹಾರದ ಎದುರಿನ ರಸ್ತೆಯಲ್ಲೇ ಅವನ ಬಸ್ಸು ಓಡುತ್ತಿತ್ತು. ಗೇಟಿನ ಬಳಿ ಬಂದಾಗ ವೇಗ ತಗ್ಗಿಸಿ, ಹಾರನ್ನನ್ನು ಮೆಲ್ಲಗೆ ಒಮ್ಮೆ ಒತ್ತುವನು. ಮಕ್ಕಳೆಲ್ಲ ಬೇಲಿಗೆ ಬಂದು ಮುತ್ತಿಕೊಂಡು ಕೈ ಬೀಸುವವು. ಅವುಗಳ ಮಟ್ಟಿಗೆ ಆ ಬಸ್ಸು ತಟ್ಟಮ್ಮನ ಸ್ವಂತ ಆಸ್ತಿ. ಡಿಪೋದಲ್ಲಿ ಅವನಿಗೆ ಗುಡುಗಣ್ಣ ಎಂದು ಹೆಸರು. ವಿಶ್ರಾಂತಿಯ ಕೋಣೆಯಲ್ಲಿ ಅವನು ಮಲಗಿದರೆ ಉಳಿದ ಡ್ರೈವರುಗಳು ಚಾಪೆ ಸುತ್ತಿಕೊಂಡು ಹೊರಗೆ ನಡೆಯುತ್ತಿದ್ದರಂತೆ. ಅವನು ಮಾತ್ರ ತನಗೆ ಗೊರಕೆಯಿದೆ ಎಂಬುದನ್ನು ಸುತರಾಂ ಒಪ್ಪುತ್ತಿರಲಿಲ್ಲ. “ನಾನು ಗೊರಕೆ ಹೊಡೆದ್ರೆ ನಂಗೆ ಕೇಳಿಸಲ್ವಾ?” ಎಂದು ಕೇಳಿದರೆ ಯಾರು ತಾನೇ ಏನು ಹೇಳಿಯಾರು!

ಗೊರಕೆಗೆ ತಟ್ಟಮ್ಮ ಎಂದೋ ಒಗ್ಗಿಹೋಗಿದ್ದಳು. ಅವಳಿಗೆ ಹೆದರಿಕೆಯಾಗುತ್ತಿದ್ದುದು ಗೊರಕೆ ನಿಂತಾಗ. ಕಟ್ಟಡವೇ ನಡುಗುವಂತೆ ಬರುತ್ತಿದ್ದ ಸದ್ದು ಗಕ್ಕನೆ ನಿಂತುಬಿಡುವುದು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಅವಳ ಜೀವ ಬಾಯಿಗೆ ಬರುವುದು. ಎದೆಯ ಮೇಲೆ ಎರಡು ಸಲ ತಟ್ಟಿ “ರೀ” ಎಂದರೆ, ಅವನು ಕೆಸರಿನಿಂದ ಕಾಲು ಕಿತ್ತ ಹಾಗೆ ಉಸಿರನ್ನು ಎಳೆದುಕೊಂಡು ಮಗ್ಗುಲಾಗುವನು. ಈಗ ತನ್ನದೇ ಸಂಸಾರ ಹೂಡಿಕೊಂಡಿರುವ ಮಗಳು ಹಸುಗೂಸಾಗಿದ್ದಾಗ ತೊಟ್ಟಿಲ ಕಡೆಗೆ ಚಾಚುತ್ತಿದ್ದ ಕೈ, ಅವಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಇತ್ತ ತಿರುಗಿತ್ತು. ಮೊದಮೊದಲು ಅವಳು ಕಣ್ಣೆವೆ ಮುಚ್ಚದೆ ಕಾಯುತ್ತಿದ್ದಳು. ಆದರೆ ಈಚೆಗೆ, ಕೆಲವು ತಿಂಗಳಿಂದ, ಹಾಸಿಗೆಗೆ ಮೈ ಚಾಚಿದರೆ ಬೆಳಗಾಗುವವರೆಗೂ ಅವಳಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅವನ ತೊಂದರೆ ತಾನಾಗಿಯೇ ಕಡಿಮೆಯಾಗಿದೆ, ಇಲ್ಲದಿದ್ದರೆ ನಾನು ಇಷ್ಟು ನಿದ್ದೆ ಮಾಡಲು ಸಾಧ್ಯವೇ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಹಾಗಿರುವಾಗ ಒಂದು ದಿನ ಆಗಬಾರದ್ದು ಆಗುವುದರಲ್ಲಿತ್ತು. ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತ್ತು. ಕೆಂಪು ಹೋಗಿ ಹಸಿರು ಬಂತು, ಬಸ್ಸು ಕದಲಲಿಲ್ಲ. ಹಿಂದಿನ ವಾಹನಗಳೆಲ್ಲ ಅರಚಿಕೊಂಡವು. ಕಂಡಕ್ಟರ್ ಮುಂದೆ ಬಂದು ನೋಡಿದರೆ ಗುಡುಗಣ್ಣ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ತಲೆ ಎದೆಗಿಳಿಸಿ ಹಾಯಾಗಿ ನಿದ್ದೆ ಹೋಗಿದ್ದಾನೆ. ನಿಂತ ಬಸ್ಸಾದ್ದರಿಂದ ಬಚಾವು. ಓಡುವ ಬಸ್ಸಾಗಿದ್ದರೆ? ಡಿಪೋದ ಮ್ಯಾನೇಜರ್ ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. “ಡಾಕ್ಟರ ಹತ್ರ ಹೋಗಿ, ಸರಿಯಾಗಿದೀರಿ ಅಂತ ಬರೆಸ್ಕೊಂಡು ಬನ್ನಿ. ಅಲ್ಲೀವರೆಗೆ ಸ್ಟೀರಿಂಗ್ ಮುಟ್ಟಬೇಡಿ” ಎಂದ. ಗುಡುಗಣ್ಣನನ್ನು ಗೇಟಿನ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿದರು, ಹೋಗಿಬರುವ ಬಸ್ಸುಗಳಿಗೆ ಕೈ ತೋರಿಸುವ ಕೆಲಸಕ್ಕೆ. ಜೀವಮಾನವೆಲ್ಲ ಬಸ್ಸು ಓಡಿಸಿದವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೇ? ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿದರು. “ಇದು ನಿದ್ದೇಲಿ ಉಸಿರು ನಿಂತು ನಿಂತು ಬರೋ ಕಾಯಿಲೆ ಇರಬಹುದು. ಸ್ಲೀಪ್ ಆಪ್ನಿಯಾ ಅಂತಾರೆ. ಮಲಗಿದಾಗ ಗಂಟಲಿನ ಒಳಗಿನ ಮಾಂಸ ಸಡಿಲವಾಗಿ ಗಾಳಿಯ ದಾರೀನೇ ಮುಚ್ಚಿಬಿಡುತ್ತೆ. ರಾತ್ರಿಯೆಲ್ಲ ಮಲಗಿದ್ರೂ ನಿದ್ದೆ ಆಗಿರಲ್ಲ. ಮೊದಲು ಪರೀಕ್ಷೆ ಮಾಡೋಣ” ಎಂದು ಹೇಳಿ ಒಂದು ಪುಟ್ಟ ಪೆಟ್ಟಿಗೆ ಕೊಟ್ಟು ಕಳಿಸಿದರು. ಎದೆಗೊಂದು ಪಟ್ಟಿ, ಮೂಗಿಗೊಂದು ಸಣ್ಣ ನಳಿಕೆ, ಬೆರಳಿಗೊಂದು ಕ್ಲಿಪ್ಪು. ರಾತ್ರಿ ಹಾಕಿಕೊಂಡು ಮಲಗಿದರೆ ಪೆಟ್ಟಿಗೆಯೇ ಎಲ್ಲ ಬರೆದುಕೊಳ್ಳುತ್ತದೆ. ಅವನು ಅದನ್ನೆಲ್ಲ ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು, “ಬಸ್ಸಿಗೇ ಇಷ್ಟು ವೈರಿಂಗ್ ಇಲ್ಲ” ಎಂದ. ಎಷ್ಟೋ ದಿನಗಳ ಮೇಲೆ ಇಬ್ಬರೂ ನಕ್ಕರು.

ಬೆಳಗ್ಗೆ ಆ ಪೆಟ್ಟಿಗೆ ಬರೆದುಕೊಂಡದ್ದನ್ನು ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. “ಅಂಥದ್ದೇನೂ ಕಾಣಿಸ್ತಿಲ್ಲ. ಉಸಿರು ಅಲ್ಲಲ್ಲಿ ತಡವರಿಸಿದೆ, ಆದ್ರೆ ನಿಂತೇ ಹೋಗೋಷ್ಟಲ್ಲ. ಮೈ ಮಾತ್ರ ತುಂಬ ಅಲುಗಾಡಿದೆ. ಅಮ್ಮಾ, ರಾತ್ರಿ ಇವರ ಉಸಿರು ನಿಂತಿದ್ದು ನೀವೇನಾದ್ರೂ ನೋಡಿದ್ರಾ?”

“ಮುಂಚೆ ನಿಲ್ತಿತ್ತು ಮೇಡಂ. ಈಗೆಲ್ಲ ನಂಗೆ ಎಚ್ಚರಾನೇ ಆಗಲ್ಲ” ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಡಾಕ್ಟರಮ್ಮ ಇನ್ನೊಮ್ಮೆ ನೋಡಿ, ದೊಡ್ಡ ದೋಷವೇನೂ ಇಲ್ಲ ಎಂದು ಬರೆದುಕೊಟ್ಟರು. ಗುಡುಗಣ್ಣನ ಮುಖ ನೋಡಬೇಕಿತ್ತು ಆಗ! ದಾರಿಯಲ್ಲಿ ಹೆಂಡತಿಗೆ ಐಸ್‌ಕ್ರೀಂ ಕೊಡಿಸಿದ. ಮನೆಗೆ ಬಂದವನೇ ಸಮವಸ್ತ್ರ ತೆಗೆದು ತಾನೇ ಇಸ್ತ್ರಿ ಹಾಕಿದ. ಸೋಮವಾರದಿಂದ ಮತ್ತೆ ಸ್ಟೀರಿಂಗ್. ಅವಳ ಹೊಟ್ಟೆಯೂ ತಣ್ಣಗಾಯಿತು. ಇಸ್ತ್ರಿ ಮಾಡುತ್ತ ಅವನು ನಿಂತಲ್ಲೇ ತೂಕಡಿಸಿದ್ದನ್ನು ಕಂಡರೂ, ಓಡಾಡಿ ದಣಿದಿದ್ದಾನೆ ಎಂದುಕೊಂಡಳು.

ಮಾರನೆಯ ದಿನ ಶಿಶುವಿಹಾರದಲ್ಲಿ ನೀಲಿ ಪರದೆ ಎಳೆದ ಹೊತ್ತು. ಹೊಸದಾಗಿ ಸೇರಿದ ಒಂದು ಮಗುವಿಗೆ ನೆಗಡಿಯಾಗಿತ್ತು. ಅದರ ಪಕ್ಕದಲ್ಲಿ ಕೂತ ತಟ್ಟಮ್ಮನಿಗೆ ಯಾವಾಗ ನಿದ್ದೆ ಬಂತೋ ತಿಳಿಯದು. ಕಣ್ಣು ಬಿಟ್ಟಾಗ ಎದುರಿಗೆ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡರೆ, ಅವಳು ಪಿಸುಗುಟ್ಟಿದಳು. ದೊಡ್ಡಕ್ಕ ಪಿಸುಗುಟ್ಟಿದ್ದನ್ನು ಆ ಕಟ್ಟಡ ಅಲ್ಲಿಯವರೆಗೆ ಕೇಳಿರಲಿಲ್ಲ.

“ನಿನ್ನ ಕೈಯಲ್ಲಿ ಏನಾದ್ರೂ ದೆವ್ವ ಸೇರಿದೆಯೇನೇ? ಆಗಿಂದ ನೋಡ್ತಾ ಇದೀನಿ. ನೀನು ಬಾಯಿ ಬಿಟ್ಕೊಂಡು ಮಲಗಿದೀಯ. ಈ ಮಗೂಗೆ ಮೂಗು ಕಟ್ಟಿ ಉಸಿರು ಸಿಕ್ಕಿಕೊಂಡ ತಕ್ಷಣ ನಿನ್ನ ಕೈ ತಾನಾಗೇ ಹೋಗಿ ತಟ್ಟತ್ತೆ. ಉಸಿರು ಸರಿಹೋದ್ರೆ ನಿಲ್ಲತ್ತೆ. ಮತ್ತೆ ಸಿಕ್ಕಿಕೊಂಡ್ರೆ ಮತ್ತೆ ಹೋಗತ್ತೆ. ನಿಂಗೆ ಗೊತ್ತೇ ಇಲ್ವಾ?”

ತಟ್ಟಮ್ಮ ತನ್ನ ಕೈಯನ್ನು ತಿರುಗಿಸಿ ನೋಡಿದಳು. ರಾತ್ರಿ ತನಗೆ ಎಚ್ಚರವಾಗುವುದಿಲ್ಲ ನಿಜ. ಆದರೆ ಕೈಗೆ? ಅವನ ಉಸಿರು ನಿಲ್ಲುವ ಮೊದಲೇ ಈ ಕೈ ಹೋಗಿ ತಟ್ಟಿದ್ದರೆ, ಆ ಪೆಟ್ಟಿಗೆಗೆ ಕಂಡಿದ್ದಾದರೂ ಏನು? ಉಸಿರಿನ ಲೆಕ್ಕ ಬರೆದುಕೊಳ್ಳುವ ಯಂತ್ರಕ್ಕೆ ಪಕ್ಕದಲ್ಲಿ ಹೆಂಡತಿಯೊಬ್ಬಳು ಮಲಗಿದ್ದಾಳೆ ಎಂದು ಯಾರು ಹೇಳಿದ್ದರು! ಕಾಯಿಲೆ ಹೋಗಿರಲಿಲ್ಲ. ಅವಳೇ ಅದನ್ನು ಅಡಗಿಸಿಟ್ಟಿದ್ದಳು.

ಸಂಜೆ ಮನೆಗೆ ಹೋದಾಗ ಅವನು ಬೂಟಿಗೆ ಪಾಲಿಶ್ ಹಾಕುತ್ತ ಏನೋ ಗುನುಗುತ್ತಿದ್ದ. ಆ ಖುಷಿಯನ್ನು ಹಾಳು ಮಾಡುವುದಕ್ಕೆ ಅವಳಿಗೆ ಮನಸ್ಸೇ ಬರಲಿಲ್ಲ. ಹೇಳದೆ ಇದ್ದರಾಯಿತಲ್ಲ ಎಂದೂ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಬೇಲಿಗೆ ಮುತ್ತಿಕೊಳ್ಳುವ ಮಕ್ಕಳು ಕಣ್ಣಿಗೆ ಕಟ್ಟಿದವು. ಕೂತು ಎಲ್ಲವನ್ನೂ ಹೇಳಿದಳು.

ಅವನು ಬ್ರಷ್ಷನ್ನು ನೆಲಕ್ಕೆ ಕುಕ್ಕಿದ. “ನಿಂಗೇನು ತಲೆ ಕೆಟ್ಟಿದೆಯಾ? ಡಾಕ್ಟರೇ ಇಲ್ಲ ಅಂದಿದ್ದನ್ನ ನೀನು ಇದೆ ಅಂತೀಯಾ? ನಿದ್ದೇಲಿ ತಟ್ಟಿದ್ದು ನಿಂಗೆ ಹೇಗೆ ಗೊತ್ತು, ಕನಸು ಬಿತ್ತಾ? ನನ್ನನ್ನ ಆ ಸ್ಟೂಲ್ ಮೇಲೆ ಕೂರಿಸಿ ನೋಡೋ ಆಸೆ ನಿಂಗೆ!”

“ಕೂಗಾಡಿ ಪರವಾಗಿಲ್ಲ” ಎಂದಳು ಅವಳು. “ನಾನು ತಟ್ಟಿದ್ರೆ ಉಸಿರು ಬರತ್ತೆ ರೀ, ನಿದ್ದೆ ಬರಲ್ಲ. ರಾತ್ರಿಯೆಲ್ಲ ಎಬ್ಬಿಸಿ ಎಬ್ಬಿಸಿ ಬಿಡ್ತಾ ಇದ್ದೀನಿ ನಿಮ್ಮನ್ನ. ಆ ನಿದ್ದೆ ಎಲ್ಲಿ ಬರತ್ತೆ ಹೇಳಿ? ಸಿಗ್ನಲ್ಲಲ್ಲಿ ಬರತ್ತೆ. ಅಲ್ಲಿ ಪಕ್ಕದಲ್ಲಿ ನಾನಿರಲ್ಲ.”

ಅವನು ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ. ಆಮೇಲೆ, ಬಸ್ಸಿನ ವಿಷಯವನ್ನೇ ಬಿಟ್ಟು, ಬೇರೆ ಏನನ್ನೋ ಕೇಳಿದ.

“ಯಾವಾಗಿಂದ ತಟ್ತಾ ಇದೀಯ?”

“ಯಾರಿಗೆ ನೆನಪಿದೆ? ಮಗಳು ಸ್ಕೂಲಿಗೆ ಹೋಗ್ತಿದ್ದಾಗಿಂದ ಇರಬೇಕು.”

“ದಿನಾನೂ?”

ಅವಳು ನೆಲದ ಮೇಲಿದ್ದ ಬ್ರಷ್ಷನ್ನು ಎತ್ತಿಟ್ಟಳು. ಅವನು ಅವಳ ಮುಖವನ್ನು ನೋಡಿದ. ಕಣ್ಣ ಕೆಳಗಿನ ಕಪ್ಪನ್ನು ಅವನು ಅದುವರೆಗೆ ನೋಡಿಯೇ ಇರಲಿಲ್ಲವೆಂದಲ್ಲ. ಕೆಲಸದ ದಣಿವು ಎಂದುಕೊಂಡಿದ್ದ. ಗಂಡಸರ ಕಣ್ಣಿಗೆ ಹೆಂಡತಿಯ ದಣಿವೆಲ್ಲ ಕೆಲಸದ ದಣಿವೇ.

“ನನ್ನ ನಿದ್ದೆ ಕೆಡಿಸಿದ್ದು ಹಾಳಾಗ್ಲಿ. ನಾನು ನಿನ್ನ ನಿದ್ದೇನೇ ತಿಂದು ಹಾಕಿದೀನಲ್ಲೇ” ಎಂದ. ಮತ್ತೆ ಎದ್ದು ಹೋಗಿ ಇಸ್ತ್ರಿ ಮಾಡಿದ ಸಮವಸ್ತ್ರವನ್ನು ಮಡಚಿ ಬೀರುವಿನೊಳಗೆ ಇಟ್ಟ.

ಡಾಕ್ಟರಮ್ಮ ಕಥೆ ಕೇಳಿ ಮೊದಲು ನಕ್ಕುಬಿಟ್ಟರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. “ಯಾಕಿಷ್ಟು ಅಲುಗಾಟ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ಒಬ್ಬರೇ ಮಲಗಿದ್ರಾ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಈ ಸಲ ಆಸ್ಪತ್ರೇಲೇ ಮಾಡೋಣ. ಅಮ್ಮಾ, ನೀವೂ ಬನ್ನಿ, ಬೇಡ ಅನ್ನಲ್ಲ. ಆದ್ರೆ ಏನೇ ಆಗಲಿ, ಅವರನ್ನ ಮುಟ್ಟಬಾರದು.”

“ಮುಟ್ಟಲ್ಲ” ಎಂದಳು. ಹೇಳುವುದೇನೋ ಸುಲಭವಾಗಿತ್ತು.

ಆಸ್ಪತ್ರೆಯ ಆ ಕೋಣೆಯಲ್ಲಿ ಒಂದು ಮಂಚ, ಒಂದು ಮಂದ ದೀಪ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಪರದೆಗಳ ಮುಂದೆ ರಾತ್ರಿ ಪಾಳಿಯ ಟೆಕ್ನಿಶಿಯನ್ ಕೂತಿದ್ದಳು, ಹೆಗಲ ಮೇಲೆ ಶಾಲು ಹೊದ್ದ ನಡುವಯಸ್ಸಿನ ಹೆಂಗಸು. ಅವನ ತಲೆಗೂ ಎದೆಗೂ ತಂತಿಗಳನ್ನು ಅಂಟಿಸಿ ಬಂದು, ತಟ್ಟಮ್ಮನಿಗೆ ತನ್ನ ಪಕ್ಕದಲ್ಲೇ ಕುರ್ಚಿ ಹಾಕಿದಳು. “ಇದು ಅವರ ಉಸಿರು ನೋಡಿ ಅಕ್ಕಾ” ಎಂದು ಪರದೆಯ ಮೇಲೆ ಏರಿಳಿಯುತ್ತಿದ್ದ ಒಂದು ಗೆರೆಯನ್ನು ತೋರಿಸಿದಳು. “ಇದು ರಕ್ತದಲ್ಲಿರೋ ಆಮ್ಲಜನಕ.” ತಟ್ಟಮ್ಮ ಗೆರೆಯನ್ನೇ ನೋಡಿದಳು. ಇಷ್ಟು ವರ್ಷ ಕೈಯಲ್ಲಿ ಕಂಡಿದ್ದನ್ನು ಈಗ ಮೊದಲ ಸಲ ಕಣ್ಣಲ್ಲಿ ಕಾಣುತ್ತಿದ್ದಳು.

ಅವನಿಗೆ ನಿದ್ದೆ ಹತ್ತಿತು. ಗೊರಕೆ ಗೋಡೆ ದಾಟಿ ಬಂತು. ಗೆರೆ ಏರಿತು, ಇಳಿಯಿತು, ಏರಿತು, ಇಳಿಯಿತು. ಆಮೇಲೆ ಏರಲಿಲ್ಲ.

ಸಪಾಟಾದ ಗೆರೆ ಹಾಗೆಯೇ ಮುಂದೆ ಸರಿಯುತ್ತಿತ್ತು. ತಟ್ಟಮ್ಮನ ಬಲಗೈ ಮಡಿಲಿನಿಂದ ಎದ್ದಿತು. ಎದ್ದ ಕೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಆಮ್ಲಜನಕದ ಅಂಕಿ ಇಳಿಯತೊಡಗಿತು.

“ತಡೀರಿ ಅಕ್ಕಾ, ನಾನು ನೋಡ್ತಾನೇ ಇದೀನಿ” ಎಂದಳು ಟೆಕ್ನಿಶಿಯನ್. “ಇದು ಕಂಡ್ರೇನೇ ಅವರಿಗೆ ಔಷಧಿ.”

ತಡೆಯುವುದು ಹೇಗೆ? ಅವಳು ಎದ್ದಿದ್ದಳು. ಯಾವಾಗ ಎದ್ದಳು, ಬಾಗಿಲವರೆಗೆ ಹೇಗೆ ಬಂದಳು ಎಂಬುದು ಅವಳಿಗೇ ತಿಳಿಯಲಿಲ್ಲ. ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಬಾಗಿಲ ಆಚೆಗೆ ಅವನು, ನಾಲ್ಕೇ ಹೆಜ್ಜೆ. ಹೋಗಿ ಎರಡು ಸಲ ತಟ್ಟಿದರೆ ಮುಗಿಯಿತು, ಉಸಿರು ಬರುತ್ತದೆ. ಪರೀಕ್ಷೆಯೂ ಮತ್ತೆ ಹಾಳಾಗುತ್ತದೆ, ಅವನು ಮತ್ತೆ ಸಿಗ್ನಲ್ಲಿನಲ್ಲಿ ತಲೆ ಇಳಿಸಿ ಕೂರುತ್ತಾನೆ. ಅವಳ ಬದುಕಿನಲ್ಲಿ ಆ ಕೈಯನ್ನು ತಡೆದದ್ದು ಅದೊಂದೇ ಸಲ. ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಹಣೆಯನ್ನು ಬಾಗಿಲಿಗೆ ಒತ್ತಿ, ತುಟಿ ಕಚ್ಚಿಕೊಂಡು ನಿಂತಳು. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು. ಉಸಿರಾಡಿ ರೀ, ಉಸಿರಾಡಿ, ಎಂದು ಒಳಗೊಳಗೇ ಬೇಡಿಕೊಂಡಳು. ತಾನೂ ಉಸಿರು ಕಟ್ಟಿಕೊಂಡಿದ್ದೇನೆಂಬುದು ಅವಳ ಅರಿವಿಗೇ ಬರಲಿಲ್ಲ.

ಒಳಗೆ ದೊಡ್ಡದೊಂದು ಸದ್ದಾಯಿತು. ಅವನು ಉಸಿರನ್ನು ತಾನೇ ಎಳೆದುಕೊಂಡಿದ್ದ. ಇತ್ತ ಅವಳೂ ಎಳೆದುಕೊಂಡಳು.

ಟೆಕ್ನಿಶಿಯನ್ ಬಂದು ಅವಳನ್ನು ಭುಜ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದಳು. “ತಾನಾಗೇ ಬರತ್ತಾ ಹಾಗಾದ್ರೆ?” ಎಂದು ತಟ್ಟಮ್ಮ ಕೇಳಿದಳು. ಹಾಗಾದರೆ ಇಷ್ಟು ವರ್ಷ ತಾನು ತಟ್ಟಿದ್ದೆಲ್ಲ ದಂಡವೇ ಎಂಬ ಸಂಕಟ ಆ ಮಾತಿನಲ್ಲಿತ್ತು.

“ಬರತ್ತೆ. ಆದ್ರೆ ಪ್ರತಿ ಸಲ ಹೃದಯಕ್ಕೆ ಒಂದು ಏಟು ಬೀಳತ್ತೆ. ಅದೆಷ್ಟು ಏಟು ನೀವು ತಪ್ಪಿಸಿದೀರೋ ಯಾರಿಗೆ ಗೊತ್ತು!” ಎಂದಳು ಅವಳು. ಮತ್ತೆ ಗೆರೆ ಸಪಾಟಾದಾಗ ತನ್ನ ತೋಳನ್ನು ತಟ್ಟಮ್ಮನ ಮುಂದೆ ಚಾಚಿದಳು. “ತಗೊಳ್ಳಿ, ಇದನ್ನ ತಟ್ಟಿ.”

ಅರ್ಧ ರಾತ್ರಿ ತಟ್ಟಮ್ಮ ಆ ತೋಳನ್ನು ತಟ್ಟಿದಳು. ಬೇಕಾದಷ್ಟು ದಾಖಲಾದ ಮೇಲೆ ಟೆಕ್ನಿಶಿಯನ್ ಒಳಗೆ ಹೋಗಿ ಅವನ ಮೂಗಿಗೆ ಮೆತ್ತನೆಯ ಮಾಸ್ಕ್ ಕಟ್ಟಿ, ಮಂಚದ ಪಕ್ಕದ ಮಷಿನ್ನು ಹಚ್ಚಿ, ಮರಳಿ ಬಂದು ಕೂತಳು. ಅದು ಗಾಳಿಯನ್ನು ಮೆಲ್ಲಗೆ ಒತ್ತಿ, ಗಂಟಲ ದಾರಿ ಮುಚ್ಚದಂತೆ ತೆರೆದಿಡುತ್ತದಂತೆ. ಗೊರಕೆ ನಿಂತಿತು. ತಟ್ಟಮ್ಮ ಅಭ್ಯಾಸಬಲದಿಂದ ಬೆಚ್ಚಿ ಪರದೆಯನ್ನು ನೋಡಿದಳು. ಗೆರೆ ಸಮನಾಗಿ ಏರುತ್ತಿತ್ತು, ಇಳಿಯುತ್ತಿತ್ತು, ನಿದ್ದೆ ಹೋದ ಮಗುವಿನ ಉಸಿರಿನಂತೆ. ಅವಳು ಅದನ್ನು ನೋಡುತ್ತಲೇ ಕೂತಿದ್ದಳು. ಕೈ ಆ ಹೆಂಗಸಿನ ತೋಳಿನ ಮೇಲೆ ನಿಧಾನಿಸುತ್ತ ನಿಧಾನಿಸುತ್ತ ನಿಂತಿತು.

ಬೆಳಗ್ಗೆ ಡಾಕ್ಟರಮ್ಮ ಕಾಯಿಲೆ ಇರುವುದನ್ನು ಖಚಿತಪಡಿಸಿ, ಮಷಿನ್ನನ್ನು ದಿನವೂ ತಪ್ಪದೆ ಹಾಕಿಕೊಂಡು ಮಲಗಿದರೆ, ಹಗಲು ತೂಕಡಿಕೆ ಹೋಗಿದೆಯೆಂದು ತಮಗೆ ಖಾತ್ರಿಯಾದ ಮೇಲೆ ಸ್ಟೀರಿಂಗಿಗೆ ತಾವೇ ಬರೆದುಕೊಡುವುದಾಗಿ ಹೇಳಿದರು. ಗುಡುಗಣ್ಣ ಮಷಿನ್ನನ್ನು ಮನೆಗೆ ತಂದ. ಮೊದಮೊದಲು ಮಾಸ್ಕ್ ಮೂಗಿಗೆ ಉರಿಯಾಗುತ್ತದೆಂದು ಗೊಣಗಿದ, ಒಮ್ಮೆ ನಿದ್ದೆಯಲ್ಲಿ ಕಿತ್ತೆಸೆದ, ಮತ್ತೆ ಎದ್ದು ತಾನೇ ಹುಡುಕಿ ಕಟ್ಟಿಕೊಂಡ. ಅವಳ ಕೈ ಕೂಡ ಸುಲಭಕ್ಕೆ ನಂಬಲಿಲ್ಲ. ನಡುರಾತ್ರಿ ಹೋಗಿ ಮಷಿನ್ನಿನ ಕೊಳವೆಯನ್ನು ಮುಟ್ಟಿ ನೋಡಿ ವಾಪಸು ಬರುತ್ತಿತ್ತು ಎಂದು ಅವನೇ ಹೇಳಿದ್ದು. ಡಿಪೋದ ಸ್ಟೂಲಿನ ಮೇಲೆ ಅವನು ಒಂದು ದಿನವೂ ತೂಕಡಿಸದೆ ಕೂತ.

ಕೊನೆಗೆ ಬೀರುವಿನಿಂದ ಸಮವಸ್ತ್ರ ಹೊರಗೆ ಬಂದ ದಿನ ತಟ್ಟಮ್ಮನೂ ಅದೇ ಬಸ್ಸಿಗೆ ಹತ್ತಿದಳು. ಹೆಸರಿಗೆ ಶಿಶುವಿಹಾರಕ್ಕೆ ಹೊರಟದ್ದು, ನಿಜವಾಗಿ ಕಾವಲಿಗೆ. ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತು, ಮುಂದಿನ ಕಂಬಿಯನ್ನು ಹಿಡಿದು, ಕನ್ನಡಿಯಲ್ಲಿ ಅವನ ಕಣ್ಣುಗಳನ್ನೇ ದಿಟ್ಟಿಸುತ್ತಿದ್ದಳು. ದೊಡ್ಡ ವೃತ್ತದ ಸಿಗ್ನಲ್ ದಾಟುವವರೆಗೂ ರೆಪ್ಪೆ ಹೊಡೆಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದಳು. ಕಂಡಕ್ಟರ್ ನಕ್ಕು, “ಅಕ್ಕಾ, ಇವತ್ತು ಗುಡುಗಣ್ಣನಿಗೆ ಇಬ್ಬರು ಕಂಡಕ್ಟರು” ಎಂದ. ಬೆಳಗಿನ ಬಿಸಿಲು ಗಾಜಿನಿಂದ ಮಡಿಲಿಗೆ ಬೀಳುತ್ತಿತ್ತು. ಎಂಜಿನ್ನು ಸಮನಾಗಿ ಗುಯ್‌ಗುಡುತ್ತಿತ್ತು.

ಅವಳಿಗೆ ಎಚ್ಚರವಾದಾಗ ಬಸ್ಸು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಕಿಟಕಿಯಾಚೆ ಕೊನೆಯ ನಿಲ್ದಾಣದ ಗೋಡೆ. ಸಿಗ್ನಲ್ ಯಾವಾಗ ಬಂತು, ಶಿಶುವಿಹಾರ ಯಾವಾಗ ಹೋಯಿತು, ಹಾರನ್ನು ಕೇಳಿ ಮಕ್ಕಳು ಬೇಲಿಗೆ ಬಂದವೋ ಇಲ್ಲವೋ, ಒಂದೂ ಅವಳಿಗೆ ತಿಳಿಯದು. ಕಂಡಕ್ಟರ್ ಎಬ್ಬಿಸಲು ಬಂದಾಗ “ಮುಟ್ಟಬೇಡ, ಮಲಗಲಿ” ಎಂದು ಅವನು ತಡೆದನಂತೆ. ದೊಡ್ಡಕ್ಕನಿಗೆ ಫೋನ್ ಮಾಡಿ, ಇವತ್ತು ಸ್ವಲ್ಪ ತಡವಾಗುತ್ತದೆ ಎಂದೂ ಹೇಳಿದ್ದನಂತೆ. ಇದೆಲ್ಲ ಆಮೇಲೆ ತಿಳಿದದ್ದು.

ಆಗ ಅವಳಿಗೆ ತಿಳಿದದ್ದು ಇಷ್ಟೇ: ಗಂಡ ಪಕ್ಕದ ಸೀಟಿನಲ್ಲಿ ಕೂತಿದ್ದ. ಅವನ ದಪ್ಪ ಕೈ ಅವಳ ಭುಜದ ಮೇಲಿತ್ತು. ಮೆಲ್ಲಗೆ, ತಾಳ ತಪ್ಪಿ ತಪ್ಪಿ ತಟ್ಟುತ್ತಿತ್ತು. ಶಿಶುವಿಹಾರದಲ್ಲಾಗಿದ್ದರೆ ಆ ಕೈಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

“ಏನ್ರೀ, ಎಬ್ಬಿಸೋಕೆ ತಟ್ತಾ ಇದೀರಾ, ಮಲಗಿಸೋಕಾ?” ಎಂದು ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಗೊತ್ತಿಲ್ಲ ಕಣೇ” ಎಂದ ಅವನು. “ಕೈ ತಾನಾಗೇ ಬಂತು.”